ಎಂಆರ್‌ಐ ಸಂಶೋಧನೆ ಡಾಕ್ಟರುಗಳಿಗೆ ಮಾತ್ರವೇ?

ಕೆಲವು ತಿಂಗಳ ಹಿಂದೆ ಓದುಗರೊಬ್ಬರು ನಮಗೆ ಬರೆದಿದ್ದರು. ಅವರ ಮಗಳು ಭೌತಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದ್ದಾಳೆ, ಎನ್‌ಎಂಆರ್ ಪ್ರಯೋಗಾಲಯವೊಂದರಲ್ಲಿ ಪಿಎಚ್‌ಡಿಗೆ ಸೀಟು ಸಿಕ್ಕಿದೆ. ಮನೆಯಲ್ಲಿ ಎರಡು ಚಿಂತೆ. ಹೆಸರಲ್ಲೇ ‘ನ್ಯೂಕ್ಲಿಯರ್’ ಇದೆಯಲ್ಲ, ವರ್ಷಗಟ್ಟಲೆ ಆ ಯಂತ್ರದ ಪಕ್ಕ ಕೂತರೆ ನಾಳೆ ಮದುವೆ, ಮಕ್ಕಳು ಎಂದಾಗ ತೊಂದರೆ ಆಗುವುದಿಲ್ಲವೇ ಎಂಬುದು ಅಜ್ಜಿಯದು. ‘ಸ್ಕ್ಯಾನಿಂಗ್ ಸೆಂಟರ್ ಕೆಲಸ ತಾನೇ, ಅದಕ್ಕೆ ಐದು ವರ್ಷ ಯಾಕೆ? ಹೇಗೂ ಡಾಕ್ಟರ್ ಅಲ್ಲವಲ್ಲ’ ಎಂಬುದು ಅಪ್ಪನದು. ಇವೆರಡನ್ನೂ ಬೇರೆ ಬೇರೆ ಮಾತುಗಳಲ್ಲಿ ನಾವು ಆಗಾಗ ಕೇಳುತ್ತಲೇ ಇರುತ್ತೇವೆ.

ಅಜ್ಜಿಯ ಚಿಂತೆಯಿಂದ ಶುರು ಮಾಡೋಣ. ಇಲ್ಲಿ ‘ನ್ಯೂಕ್ಲಿಯರ್’ ಎಂದರೆ ಪರಮಾಣುವಿನ ನಡುವಿನ ನ್ಯೂಕ್ಲಿಯಸ್ ಅಷ್ಟೇ. ಅದನ್ನು ಯಾರೂ ಒಡೆಯುವುದಿಲ್ಲ, ವಿಕಿರಣಶೀಲ ವಸ್ತು ಯಾವುದೂ ಇರುವುದಿಲ್ಲ. ನಮ್ಮ ಮೈಯಲ್ಲಿರುವ ನೀರಿನ ಹೈಡ್ರೋಜನ್ ನ್ಯೂಕ್ಲಿಯಸ್‌ಗಳು ಪುಟಾಣಿ ಅಯಸ್ಕಾಂತಗಳಂತೆ ವರ್ತಿಸುತ್ತವೆ. ಬಲವಾದ ಕಾಂತಕ್ಷೇತ್ರದಲ್ಲಿ ಅವು ಓಲಾಡುವ ಬುಗುರಿಯ ಹಾಗೆ ಸುತ್ತುತ್ತವೆ. ಒಂದು ಟೆಸ್ಲಾ ಕ್ಷೇತ್ರದಲ್ಲಿ ಆ ಓಲಾಟದ ಕಂಪನಾಂಕ 42.58 ಮೆಗಾಹರ್ಟ್ಸ್. ಅದೇ ಕಂಪನಾಂಕದ ರೇಡಿಯೋ ಅಲೆ ಕೊಟ್ಟರೆ ಅವು ಶಕ್ತಿ ಹೀರಿಕೊಂಡು ಮತ್ತೆ ಸಂಕೇತವಾಗಿ ಹೊರಬಿಡುತ್ತವೆ. ಆಸ್ಪತ್ರೆಯ 1.5 ಟೆಸ್ಲಾ ಯಂತ್ರ ಸುಮಾರು 64 ಮೆಗಾಹರ್ಟ್ಸ್‌ನಲ್ಲಿ, 3 ಟೆಸ್ಲಾ ಯಂತ್ರ ಸುಮಾರು 128ರಲ್ಲಿ ಕೆಲಸ ಮಾಡುತ್ತದೆ. ನೀವು ಕೇಳುವ ಎಫ್‌ಎಂ ಸ್ಟೇಷನ್‌ಗಳೆಲ್ಲ ಇವೆರಡರ ನಡುವೆಯೇ ಬರುತ್ತವೆ. ಎಕ್ಸ್‌ರೇ, ಸಿಟಿ ಸ್ಕ್ಯಾನ್‌ಗಳ ವಿಕಿರಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಇದೇ ಭಯದಿಂದಾಗಿಯೇ ತಂತ್ರಜ್ಞಾನ ಆಸ್ಪತ್ರೆಗೆ ಬಂದಾಗ ಹೆಸರಿನಿಂದ ‘ನ್ಯೂಕ್ಲಿಯರ್’ ಬಿಟ್ಟುಹೋಗಿ ಎಂಆರ್‌ಐ ಆಯಿತು. ರಸಾಯನಶಾಸ್ತ್ರದವರು ಮಾತ್ರ ಹಳೆಯ ಎನ್‌ಎಂಆರ್ ಹೆಸರನ್ನೇ ಉಳಿಸಿಕೊಂಡರು.

ಹಾಗೆಂದು ಅಪಾಯವೇ ಇಲ್ಲ ಎಂದಲ್ಲ. ಅಯಸ್ಕಾಂತ ಸದಾ ಆನ್ ಆಗಿಯೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಯೊಳಗೆ ಹೋದ ವ್ಯಕ್ತಿಯೊಬ್ಬರು ಯಂತ್ರದತ್ತ ಸೆಳೆಯಲ್ಪಟ್ಟು ಸತ್ತರು. ಅಯಸ್ಕಾಂತವನ್ನು ತಣ್ಣಗಿಡುವ ದ್ರವ ಹೀಲಿಯಂ ಆಕಸ್ಮಿಕವಾಗಿ ಕುದಿದು ಕೋಣೆ ತುಂಬಿದರೆ ಉಸಿರುಗಟ್ಟುತ್ತದೆ. ಇನ್ನು ದೀರ್ಘಕಾಲದ ಹಾನಿಯ ಮಾತು: ನಿಯಮದಂತೆ ಕೆಲಸ ಮಾಡುವವರ ಸಂತಾನಶಕ್ತಿಗೆ ಇದರಿಂದ ಧಕ್ಕೆಯಾಗುತ್ತದೆ ಎಂಬುದು ಸಾಬೀತಾಗಿಲ್ಲ. ಆದರೂ ಗರ್ಭಿಣಿ ಸಿಬ್ಬಂದಿ ಸ್ಕ್ಯಾನ್ ನಡೆಯುವಾಗ ಕೋಣೆಯೊಳಗೆ ನಿಲ್ಲದಿರುವ ಮುನ್ನೆಚ್ಚರಿಕೆಯನ್ನು ಹಲವೆಡೆ ಪಾಲಿಸುತ್ತಾರೆ. ಅಜ್ಜಿಗೆ ಇಷ್ಟನ್ನು ಹೇಳಬಹುದು.

ಅಪ್ಪನ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ. ರೋಗಿಯನ್ನು ಮಲಗಿಸಿ ಸ್ಕ್ಯಾನ್ ಮಾಡುವವರು ಟೆಕ್ನಾಲಜಿಸ್ಟ್, ಚಿತ್ರ ಓದಿ ವರದಿ ಬರೆಯುವವರು ರೇಡಿಯಾಲಜಿಸ್ಟ್. ಸಂಶೋಧಕರು ಈ ಇಬ್ಬರೂ ಅಲ್ಲ. ಅವರ ಕೆಲಸ ಅರ್ಥವಾಗಬೇಕಾದರೆ ಒಂದು ಸಂಖ್ಯೆ ನೋಡಿ. 1.5 ಟೆಸ್ಲಾದಲ್ಲಿ ಕ್ಷೇತ್ರದ ದಿಕ್ಕಿಗೆ ನಿಲ್ಲುವ ನ್ಯೂಕ್ಲಿಯಸ್‌ಗಳು ವಿರುದ್ಧ ದಿಕ್ಕಿನವುಗಳಿಗಿಂತ ಹೆಚ್ಚಿರುವುದು ಹತ್ತು ಲಕ್ಷಕ್ಕೆ ಸುಮಾರು ಐದು ಮಾತ್ರ. ಉಳಿದವು ಒಂದನ್ನೊಂದು ರದ್ದು ಮಾಡಿಕೊಳ್ಳುತ್ತವೆ. ಇಡೀ ಚಿತ್ರ ಬರುವುದು ಆ ಐದರಿಂದ. ಸ್ಪೆಕ್ಟ್ರೋಸ್ಕೋಪಿಯಲ್ಲಿ, ಅಂದರೆ ಚಿತ್ರದ ಬದಲು ಮಿದುಳಿನ ಒಂದು ಭಾಗದಲ್ಲಿ ಯಾವ ರಾಸಾಯನಿಕ ಎಷ್ಟಿದೆ ಎಂದು ಅಳೆಯುವಾಗ, ಕಷ್ಟ ಇನ್ನೂ ಹೆಚ್ಚು. ನರಕೋಶಗಳ ಆರೋಗ್ಯ ಸೂಚಿಸುವ ಎನ್‌ಎಎ ಎಂಬ ವಸ್ತುವಿನ ಪ್ರಮಾಣ ನೀರಿಗೆ ಹೋಲಿಸಿದರೆ ಸಾವಿರಾರು ಪಟ್ಟು ಕಡಿಮೆ. ಜಾತ್ರೆಯ ಗದ್ದಲದಲ್ಲಿ ಒಬ್ಬರ ಪಿಸುಮಾತು ಕೇಳಿಸಿಕೊಂಡ ಹಾಗೆ! ಗಡ್ಡೆ ಇರುವ ಕಡೆ ಸಾಮಾನ್ಯವಾಗಿ ಎನ್‌ಎಎ ಇಳಿಯುತ್ತದೆ, ಕೋಲೀನ್ ಏರುತ್ತದೆ. ಚಾಕು ಹಾಕದೆ ಇದು ತಿಳಿಯುವುದಾದರೆ ರೋಗಿಗೆ ಎಷ್ಟು ಉಪಕಾರ ಎಂದು ಊಹಿಸಿ.

ಆ ಪಿಸುಮಾತು ಕೇಳಲು ಯಾರು ಬೇಕು? ರೇಡಿಯೋ ಕಾಯಿಲ್ ಕಟ್ಟಲು ಎಲೆಕ್ಟ್ರಾನಿಕ್ಸ್‌ನವರು, ಅಲೆಗಳನ್ನು ಯಾವ ಕ್ರಮದಲ್ಲಿ ಕೊಡಬೇಕೆಂದು ಲೆಕ್ಕ ಹಾಕಲು ಭೌತಶಾಸ್ತ್ರದವರು, ಸಂಕೇತದಿಂದ ಚಿತ್ರ ಹೊರತೆಗೆಯಲು ಗಣಿತ ಮತ್ತು ಪ್ರೋಗ್ರಾಮಿಂಗ್ ಬಲ್ಲವರು, ಅಣುವಿನ ಗುರುತು ಹಿಡಿಯಲು ರಸಾಯನಶಾಸ್ತ್ರದವರು. ವೈದ್ಯರೂ ಬೇಕು, ಆದರೆ ವೈದ್ಯರಷ್ಟೇ ಸಾಲದು. 2003ರಲ್ಲಿ ಎಂಆರ್‌ಐಗೆ ವೈದ್ಯಶಾಸ್ತ್ರದ ನೊಬೆಲ್ ಬಂದಾಗ ಅದನ್ನು ಪಡೆದ ಪಾಲ್ ಲಾಟರ್ಬರ್ ರಸಾಯನವಿಜ್ಞಾನಿ, ಪೀಟರ್ ಮ್ಯಾನ್ಸ್‌ಫೀಲ್ಡ್ ಭೌತವಿಜ್ಞಾನಿ. ಮ್ಯಾನ್ಸ್‌ಫೀಲ್ಡ್ ಅಂತೂ 15ಕ್ಕೇ ಶಾಲೆ ಬಿಟ್ಟಿದ್ದವರು. ಲಾಟರ್ಬರ್ ಅವರ ಪ್ರಬಂಧವನ್ನು ‘ನೇಚರ್’ ಪತ್ರಿಕೆ ಮೊದಲು ತಿರಸ್ಕರಿಸಿ ಆಮೇಲೆ 1973ರಲ್ಲಿ ಪ್ರಕಟಿಸಿತು. ಈ ಕ್ಷೇತ್ರದಲ್ಲಿ ದುಡಿದಿದ್ದ ಡಾಕ್ಟರ್ ರೇಮಂಡ್ ಡೆಮೇಡಿಯನ್ ಅವರಿಗೆ ನೊಬೆಲ್ ಸಿಗಲಿಲ್ಲ. ಅನ್ಯಾಯವಾಯಿತೆಂದು ಅವರ ಕಡೆಯಿಂದ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಬಂದಿದ್ದವು!

ಇದು ಯಾವುದೋ ದೂರದೇಶದ ಕತೆಯೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಎಂಬವರು ಹರಿಯುವ ದ್ರವದಲ್ಲಿ ಈ ಸಂಕೇತ ಹೇಗೆ ಬದಲಾಗುತ್ತದೆ ಎಂಬ ಪ್ರಬಂಧ ಪ್ರಕಟಿಸಿದ್ದು 1951ರಲ್ಲಿ. ಎಂಆರ್‌ಐ ಎಂಬ ಪದವೇ ಇರಲಿಲ್ಲ ಆಗ. ಇಂದು ರಕ್ತದ ಹರಿವನ್ನು ಎಂಆರ್‌ಐನಲ್ಲಿ ಅಳೆಯುವ ವಿಧಾನದ ಚರಿತ್ರೆ ಬರೆಯುವವರು ಅಲ್ಲಿಂದಲೇ ಶುರು ಮಾಡುವುದುಂಟು. ಅದೇ ಸಂಸ್ಥೆಯಲ್ಲಿ ಮುಂದೆ ಪ್ರಾಧ್ಯಾಪಕರಾಗಿದ್ದ ಅನಿಲ್ ಕುಮಾರ್ ಅವರು ಜ್ಯೂರಿಚ್‌ನಲ್ಲಿ ರಿಚರ್ಡ್ ಅರ್ನ್ಸ್ಟ್ ಜೊತೆ 1975ರಲ್ಲಿ ಬರೆದ ಪ್ರಬಂಧದ ವಿಧಾನ ಇಂದಿನ ಸ್ಕ್ಯಾನರ್‌ಗಳ ತಳಹದಿ.

ಈಗ ದುಡ್ಡಿನ ಮಾತು, ಯಾಕೆಂದರೆ ಮನೆಯ ಚಿಂತೆ ಕೊನೆಗೆ ಬಂದು ನಿಲ್ಲುವುದು ಅಲ್ಲೇ. ನೆಟ್ ಅಥವಾ ಗೇಟ್‌ನಂಥ ಪರೀಕ್ಷೆ ದಾಟಿ ಸಂಶೋಧನೆಗೆ ಸೇರಿದರೆ ಜೆಆರ್‌ಎಫ್ ಆಗಿ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಎಸ್‌ಆರ್‌ಎಫ್ ಆಗಿ 42,000; ಮನೆ ಬಾಡಿಗೆ ಭತ್ಯೆ ಬೇರೆ. ಇವು 2023ರಲ್ಲಿ ಪರಿಷ್ಕರಿಸಿದ ಮೊತ್ತ. ಪಿಎಚ್‌ಡಿ ಆದ ಮೇಲೆ ರಿಸರ್ಚ್ ಅಸೋಸಿಯೇಟ್‌ಗೆ 58,000ದಿಂದ ಶುರು. ಕಾಗದದ ಮೇಲೆ ಪರವಾಗಿಲ್ಲ. ಆದರೆ ಫೆಲೋಶಿಪ್ ತಿಂಗಳುಗಟ್ಟಲೆ ತಡವಾಗಿ, ಆ ಅವಧಿಯನ್ನು ಸ್ನೇಹಿತರ ಸಾಲದಲ್ಲಿ ತಳ್ಳಿದವರು ನಮ್ಮ ಪರಿಚಯದಲ್ಲೇ ಇದ್ದಾರೆ. ಆಮೇಲೆ ಎರಡೋ ಮೂರೋ ವರ್ಷ, ಹೆಚ್ಚಾಗಿ ಹೊರದೇಶದಲ್ಲಿ, ಪೋಸ್ಟ್‌ಡಾಕ್. ಕಾಯಂ ಪ್ರಾಧ್ಯಾಪಕ ಹುದ್ದೆಗಳು ಕೆಲವೇ ಕೆಲವು, ಕಾಯುವವರು ಹಲವರು. ನಮ್ಮನ್ನು ಕೇಳಿದರೆ ಈ ವೃತ್ತಿಯಲ್ಲಿ ಹೆದರಬೇಕಾದದ್ದಿದ್ದರೆ ಇದಕ್ಕೆ, ‘ನ್ಯೂಕ್ಲಿಯರ್’ ಪದಕ್ಕಲ್ಲ.

ಸಮಾಧಾನದ ಸಂಗತಿ ಎಂದರೆ ದಾರಿ ವಿಶ್ವವಿದ್ಯಾಲಯಕ್ಕೆ ಮುಗಿಯುವುದಿಲ್ಲ. ಔಷಧ ಕಂಪನಿಗಳಿಗೆ ತಾವು ತಯಾರಿಸಿದ ಅಣು ಅದೇ ಹೌದೇ, ಕಲಬೆರಕೆ ಎಷ್ಟಿದೆ ಎಂದು ನೋಡಲು ಎನ್‌ಎಂಆರ್ ಬೇಕೇ ಬೇಕು. ಜೇನುತುಪ್ಪದಲ್ಲಿ ಸಕ್ಕರೆ ಪಾಕ ಬೆರೆತಿದೆಯೇ ಎಂದು ಹಿಡಿಯಲೂ ಇದನ್ನು ಬಳಸುತ್ತಾರೆ; 2020ರ ಆಗಸ್ಟ್‌ನಿಂದ ಅಮೆರಿಕಕ್ಕೆ ರಫ್ತಾಗುವ ಜೇನಿಗೆ ಈ ಪರೀಕ್ಷೆ ಕಡ್ಡಾಯವಾಯಿತು. ಸ್ಕ್ಯಾನರ್ ತಯಾರಿಸುವ ಜಿಇ, ಫಿಲಿಪ್ಸ್, ಸೀಮೆನ್ಸ್‌ನಂಥ ಕಂಪನಿಗಳ ಎಂಜಿನಿಯರಿಂಗ್ ಕೇಂದ್ರಗಳು ಬೆಂಗಳೂರಿನಲ್ಲೇ ಇವೆ. ಆದರೆ ಒಂದೇ ಕಂಪನಿಯ ಯಂತ್ರ ಓಡಿಸಲಷ್ಟೇ ಕಲಿತರೆ ಕಷ್ಟ. ವೇರಿಯನ್ ಎಂಬ ಹಳೆಯ, ಹೆಸರಾಂತ ಎನ್‌ಎಂಆರ್ ಕಂಪನಿಯನ್ನು ಕೊಂಡ ಎಜಿಲೆಂಟ್ 2014ರಲ್ಲಿ ಆ ವ್ಯವಹಾರವನ್ನೇ ಮುಚ್ಚುವುದಾಗಿ ಘೋಷಿಸಿತು. ಆ ಯಂತ್ರಗಳಿದ್ದ ಪ್ರಯೋಗಾಲಯಗಳು ಬಿಡಿಭಾಗಕ್ಕಾಗಿ ಪರದಾಡಬೇಕಾಯಿತು. ಯಂತ್ರ ಹಳತಾಗಬಹುದು, ಸಂಕೇತವನ್ನು ಲೆಕ್ಕದಲ್ಲಿ ಬಿಡಿಸುವ ವಿದ್ಯೆ ಎಲ್ಲಿ ಹೋದರೂ ಜೊತೆಗೆ ಬರುತ್ತದೆ.

ಹಾಗಾಗಿ ಆ ತಾಯಿಗೆ ನಾವು ಬರೆದದ್ದು ಇಷ್ಟು: ಸೇರುವ ಮೊದಲು ಮಗಳು ಪ್ರಯೋಗಾಲಯಕ್ಕೆ ಹೋಗಿ ಅಲ್ಲಿನ ವಿದ್ಯಾರ್ಥಿಗಳನ್ನೇ ಕೇಳಲಿ. ವಾರಕ್ಕೆ ಯಂತ್ರದ ಮೇಲೆ ಎಷ್ಟು ಗಂಟೆ ಸಿಗುತ್ತದೆ? ಹೀಲಿಯಂ ತುಂಬಿಸಲು ಹಣ ಇದೆಯೇ, ಹೋದ ವರ್ಷ ಯಂತ್ರ ಎಷ್ಟು ದಿನ ನಿಂತಿತ್ತು? ಪ್ರೋಗ್ರಾಮಿಂಗ್ ಕಲಿಯಲು ಅವಕಾಶ ಇದೆಯೇ? ಇಲ್ಲಿಂದ ಪಿಎಚ್‌ಡಿ ಮುಗಿಸಿ ಹೋದ ಕೊನೆಯ ಐದು ಜನ ಈಗ ಎಲ್ಲಿದ್ದಾರೆ? ಕೊನೆಯ ಪ್ರಶ್ನೆಗೆ ಗೈಡ್ ತಡವರಿಸಿದರೆ ಸ್ವಲ್ಪ ಯೋಚಿಸಬೇಕು.

ಮುಂದಿನ ವಾರ ಹೋಗಿ ನೋಡುತ್ತಾರಂತೆ. ಅಜ್ಜಿಯೂ ಬರುತ್ತೇನೆ ಎಂದಿದ್ದಾರೆ. ಪೇಸ್‌ಮೇಕರ್ ಹಾಕಿಸಿಕೊಂಡಿದ್ದರೆ ಬಾಗಿಲ ಹೊರಗೇ ಕೂರಬೇಕಾಗುತ್ತದೆ ಎಂದು ತಿಳಿಸಿದ್ದೇವೆ.