ಪರದೆಯ ಬೆಳಕು ಇಳಿಸಲು ಯಾರ ಅಪ್ಪಣೆ ಬೇಕು?

"ಕನ್ನಡ ಮಾಧ್ಯಮದ ಮಕ್ಕಳಿಗೆ ಟರ್ಮಿನಲ್ ಎಲ್ಲ ಯಾಕೆ ಮಾರಾಯ್ರೇ? ಇಂಗ್ಲಿಷೇ ಸರಿ ಬರುವುದಿಲ್ಲ." ಕಾಸರಗೋಡಿನ ನಮ್ಮ ಅಧ್ಯಾಪಕರ ಕೋಣೆಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೇಳುವವರು ಹೊರಗಿನವರೂ ಅಲ್ಲ, ನಮ್ಮವರೇ. ಅದಕ್ಕೇ ಈ ನಾಲ್ಕು ಮಾತು.

ಮಳೆಗಾಲದಲ್ಲಿ ನಮ್ಮ ತರಗತಿಗಳು ಹಗಲಲ್ಲೂ ಕತ್ತಲೆ. ಶಾಲೆಯ ಒಂದು ಲ್ಯಾಪ್‌ಟಾಪಿಗೆ ಉಬುಂಟು ಹೊಸತಾಗಿ ಹಾಕಿದ ಮೇಲೆ ಬೆಳಕಿನ ಕೀಲಿ ಒತ್ತಿದರೆ ಪರದೆಯ ಮೇಲಿನ ಗೆರೆ ಇಳಿಯುತ್ತಿತ್ತು, ಬೆಳಕು ಮಾತ್ರ ಇಳಿಯುತ್ತಿರಲಿಲ್ಲ. "ಕಣ್ಣು ಉರೀತದೆ ಸಾರ್" ಎಂದಳು ಎಂಟನೆಯ ತರಗತಿಯ ಹುಡುಗಿ. ದುರಸ್ತಿಯವರಿಗೆ ಫೋನ್ ಮಾಡಿದೆವು. "ತಂದು ಕೊಡಿ, ಸರದಿ ಬಂದಾಗ ನೋಡುವಾ" ಎಂಬ ಉತ್ತರ ಬಂತು. ಎರಡು ವಾರ ಕಾದೆವು. ಕಾದದ್ದೇ ನಮ್ಮ ತಪ್ಪು.

ಕೆಲಸ ಎಷ್ಟಿತ್ತು ಗೊತ್ತೇ? ಟರ್ಮಿನಲ್ ತೆರೆದು, ನೆಟ್ ಇರುವಾಗ, ಹೀಗೆ ಟೈಪ್ ಮಾಡುವುದು:

ಸುಡೋ ಆಪ್ಟ್ ಇನ್‌ಸ್ಟಾಲ್ ಬ್ರೈಟ್‌ನೆಸ್‌ಸಿಟಿಎಲ್

ಕೊನೆಯದು ಒಂದೇ ಪದ. ಬ್ರೈಟ್‌ನೆಸ್ ಬರೆದು, ಜಾಗ ಬಿಡದೆ ಸಿ, ಟಿ, ಎಲ್ ಅಕ್ಷರಗಳು. ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ. "ಸುಡೋ ಅಂದ್ರೆ ಸುಡುವುದಾ ಸಾರ್?" ಎಂದು ಮಕ್ಕಳು ನಕ್ಕರು. ಅಲ್ಲ, ಅದು ಹೆಡ್‌ಮಾಷ್ಟ್ರ ಸಹಿ ಇದ್ದ ಹಾಗೆ. ಯಂತ್ರದ ಯಜಮಾನಿಕೆಯಿಂದ ಮಾಡಿಸುವ ಕೆಲಸ. ಪಾಸ್‌ವರ್ಡ್ ಕೇಳುತ್ತದೆ.

ಬ್ರೈಟ್‌ನೆಸ್‌ಸಿಟಿಎಲ್ ಎಂದಷ್ಟೇ ಕೊಟ್ಟರೆ ಈಗಿನ ಬೆಳಕು ಎಷ್ಟೆಂದು ಹೇಳುತ್ತದೆ. ಮುಂದೆ ಜಾಗ ಬಿಟ್ಟು ಸೆಟ್ 40% ಎಂದರೆ ಶೇಕಡಾ 40ಕ್ಕೆ ನಿಲ್ಲುತ್ತದೆ. ಸೆಟ್ 5%- ಎಂದರೆ ಐದು ಇಳಿಯುತ್ತದೆ, ಸೆಟ್ +5% ಎಂದರೆ ಏರುತ್ತದೆ. ಸೊನ್ನೆ ಮಾತ್ರ ಕೊಡಬೇಡಿ, ಕೆಲವು ಯಂತ್ರಗಳಲ್ಲಿ ಪರದೆ ಪೂರ್ತಿ ಕತ್ತಲಾಗುತ್ತದೆ. ಅನುಮತಿ ಇಲ್ಲವೆಂದರೆ ಮುಂದೆ ಸುಡೋ ಸೇರಿಸಿ.

ನಮ್ಮ ಯಂತ್ರದ ರೋಗ ಬೇರೆಯೇ ಇತ್ತು. ಹೆಸರಿನ ಮುಂದೆ -ಎಲ್ ಕೊಟ್ಟು ಪಟ್ಟಿ ತೆಗೆದಾಗ ಬೆಳಕಿನ ಸಾಧನ ಎರಡು ಕಂಡವು. ಕೀಲಿ ಒಂದನ್ನು ತಿರುಗಿಸುತ್ತಿತ್ತು, ಪರದೆ ಇನ್ನೊಂದರ ಮಾತು ಕೇಳುತ್ತಿತ್ತು! -ಡಿ ಎಂದು ಬರೆದು ಸರಿಯಾದ ಸಾಧನದ ಹೆಸರು ಕೊಟ್ಟು, ಸೆಟ್ 40% ಎಂದಾಗ ಬೆಳಕು ಇಳಿಯಿತು. ಟೈಪ್ ಮಾಡಿದವಳು ಕಣ್ಣು ಉರಿಯುತ್ತದೆ ಎಂದ ಅದೇ ಹುಡುಗಿ. ಬೇಡವಾದರೆ ಇನ್‌ಸ್ಟಾಲ್ ಇದ್ದಲ್ಲಿ ರಿಮೂವ್ ಎಂದು ಬರೆದರೆ ಅದು ಹೋಗುತ್ತದೆ. ಇದು ಲ್ಯಾಪ್‌ಟಾಪಿನ ಪರದೆಗೆ, ಪ್ರೊಜೆಕ್ಟರಿಗಲ್ಲ.

ಕಣ್ಣಿಗೆ ತಂಪಷ್ಟೇ ಅಲ್ಲ, ಕರೆಂಟು ಹೋದಾಗ ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ.

ಇಲ್ಲಿ ಇಂಗ್ಲಿಷ್ ಎಷ್ಟಿದೆ ಹೇಳಿ? ಐದಾರು ಪದ. ಗದ್ದೆಯಲ್ಲಿ ಕ್ರಿಕೆಟ್ ಆಡುತ್ತ ಎಲ್‌ಬಿಡಬ್ಲ್ಯು ಎಂದು ಕೂಗುವ ಹುಡುಗನ ವ್ಯಾಕರಣವನ್ನು ಯಾರಾದರೂ ಕೇಳುತ್ತಾರೆಯೇ? ಮಕ್ಕಳಿಗೆ ಕೊರತೆ ಇಂಗ್ಲಿಷಿನದ್ದಲ್ಲ, ಕನ್ನಡದಲ್ಲಿ ಬಿಡಿಸಿ ಹೇಳುವವರದ್ದು. ಮಲಯಾಳದ ತರಬೇತಿಯಲ್ಲಿ ಕುಳಿತು ತಲೆಯಾಡಿಸಿ ಬಂದೆವು. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ನಮ್ಮ ಹಕ್ಕು, ಕೇಳುತ್ತಲೇ ಇರೋಣ. ಆದರೆ ಅದು ಬರುವ ತನಕ ಕೈಕಟ್ಟಿ ಕೂರಲು ಯಾರೂ ಹೇಳಿಲ್ಲ.

ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾದದ್ದು 2001ರಲ್ಲಿ. 2017ರಲ್ಲಿ ಅದು ಕೈಟ್ ಆಯಿತು. ಶಾಲೆಗಳಿಗೆ ಬಂದದ್ದು ಸ್ವತಂತ್ರ ತಂತ್ರಾಂಶ, ಅಂದರೆ ಬಿಚ್ಚಿ ನೋಡಿ ತಿದ್ದಿಕೊಳ್ಳುವ ಸ್ವಾತಂತ್ರ್ಯ ಇರುವಂಥದ್ದು. ಅದನ್ನು ಕೈಯಲ್ಲಿಟ್ಟುಕೊಂಡು ಪರದೆಯ ಬೆಳಕಿಗೂ ಇನ್ನೊಬ್ಬರ ಸರದಿ ಕಾಯುವುದಾದರೆ ಆ ಸ್ವಾತಂತ್ರ್ಯ ಯಾತಕ್ಕೆ?

ನಾವೀಗ ಈ ಆಜ್ಞೆಗಳನ್ನು ಕನ್ನಡ ವಿವರಣೆಯೊಂದಿಗೆ ಬರೆದು ಲ್ಯಾಬಿನ ಗೋಡೆಗೆ ಅಂಟಿಸಿದ್ದೇವೆ. ನಿಮ್ಮ ಶಾಲೆಯ ಗೋಡೆಯಲ್ಲಿ ಜಾಗ ಇಲ್ಲವೇ?