ಹತ್ತನೇ ತರಗತಿಯ ಆ ಫಾರಂ



ಇಲ್ಲಿ ಎಟೋಬಿಕೋಕ್‌ನಲ್ಲಿ ಹೈಸ್ಕೂಲ್ ಮಕ್ಕಳು ಮುಂದಿನ ವರ್ಷದ ವಿಷಯಗಳನ್ನು ಆರಿಸುವುದು ಚಳಿಗಾಲದಲ್ಲಿ. ನಾವು ಫಾರಂ ಓದದೆಯೇ ಒಪ್ಪಿಗೆ ಕೊಟ್ಟುಬಿಡುತ್ತೇವೆ. ಇದು ಸರಿಯಲ್ಲ.

ಮೆಡಿಕಲ್ ಲ್ಯಾಬೊರೇಟರಿ ಸೈನ್ಸ್ ಕೋರ್ಸನ್ನೇ ನೋಡಿ. ಓಶವಾದ ಒಂಟಾರಿಯೋ ಟೆಕ್ ವಿಶ್ವವಿದ್ಯಾಲಯದಲ್ಲಿ ಇದು 4 ವರ್ಷದ ಪದವಿ. ಹೈಸ್ಕೂಲಿನಿಂದ ನೇರ ಸೇರಲು 12ನೇ ತರಗತಿಯಲ್ಲಿ ಯೂನಿವರ್ಸಿಟಿ ಮಟ್ಟದ ಇಂಗ್ಲಿಷ್, ಗಣಿತ, ಬಯಾಲಜಿ, ಕೆಮಿಸ್ಟ್ರಿ ಓದಿರಬೇಕು. 12ರ ಕೆಮಿಸ್ಟ್ರಿಗೆ 11ರದ್ದು ಆಗಿರಲೇಬೇಕು. ಅಂದರೆ ಹತ್ತರಲ್ಲಿ ತುಂಬುವ ಫಾರಂನಲ್ಲೇ ಅರ್ಧ ನಿರ್ಧಾರವಾಗಿರುತ್ತದೆ! ಊರಿನಲ್ಲಿ ಪಿಯುಸಿಗೆ ಪಿಸಿಎಂಬಿ ಎಂದರೆ ಸಾಕಿತ್ತು, ವಿಜ್ಞಾನದ ನಾಲ್ಕೂ ವಿಷಯ ಒಟ್ಟಿಗೇ ಬರುತ್ತಿದ್ದವು. ಇಲ್ಲಿ ಒಂದೊಂದನ್ನೂ ಮಕ್ಕಳೇ ಆರಿಸಬೇಕು. "ಕೆಮಿಸ್ಟ್ರಿ ತಗೊಂಡ್ರೆ ಮಾರ್ಕ್ಸ್ ಇಳಿಯುತ್ತಮ್ಮ" ಎಂದು ಬಿಟ್ಟರೆ, ಆಮೇಲೆ ಸಮ್ಮರ್ ಸ್ಕೂಲು, ನೈಟ್ ಸ್ಕೂಲು ಎಂದು ಅಲೆದಾಟ.

ಕೆಲವು ತಿಂಗಳ ಲ್ಯಾಬ್ ಅಸಿಸ್ಟೆಂಟ್ ಕೋರ್ಸೂ ಇದೂ ಒಂದೇ ಎಂದುಕೊಳ್ಳುವವರಿದ್ದಾರೆ. ಅಲ್ಲ. ಟೆಕ್ನಾಲಜಿಸ್ಟ್ ಎಂದು ಕರೆದುಕೊಳ್ಳಲು ಒಂಟಾರಿಯೋದಲ್ಲಿ ಅವರ 'ಕಾಲೇಜ್'ನಲ್ಲಿ ನೋಂದಣಿ ಕಡ್ಡಾಯ. (ಈ ಕಾಲೇಜ್ ಪಾಠ ಹೇಳುವುದಿಲ್ಲ, ಪರವಾನಗಿ ಕೊಡುತ್ತದೆ!)

"ಡಾಕ್ಟರ್ ಆಗ್ಲಿಲ್ವಾ, ಬರೀ ಲ್ಯಾಬಾ?" ಎಂದು ನಮ್ಮ ಸಮಾರಂಭಗಳಲ್ಲಿ ಕೇಳುವವರಿಗೆ ಒಂದು ಪ್ರಶ್ನೆ: ನಿಮ್ಮ ಶುಗರ್, ಥೈರಾಯ್ಡ್ ರಿಪೋರ್ಟ್ ಇಲ್ಲದೆ ಆ ಡಾಕ್ಟರ್ ಯಾವ ಮಾತ್ರೆ ಬರೆಯಬೇಕು?

ಪ್ರವೇಶದ ಶರತ್ತುಗಳು ಕಾಲೇಜಿನಿಂದ ಕಾಲೇಜಿಗೆ ಬೇರೆ, ಆಗಾಗ ಬದಲಾಗುವುದೂ ಉಂಟು. ಈ ಸಲ ಫಾರಂ ಕೊಡುವ ಮುನ್ನ ಮಗ ಅಥವಾ ಮಗಳ ಜೊತೆ ಗೈಡೆನ್ಸ್ ಕೌನ್ಸೆಲರ್ ಬಳಿ ಅರ್ಧ ಗಂಟೆ ಕುಳಿತು ಬನ್ನಿ.