ರಾಜಮ್ಮ ಬರೀ ಅಮ್ಮನಲ್ಲ

ನಮ್ಮ ನಜರ್‌ಬಾದಿನಲ್ಲಿ ಹಳೇ ಸಿನಿಮಾ ಮಾತಿನ ನಡುವೆ ಎಂ.ವಿ. ರಾಜಮ್ಮನವರ ಹೆಸರು ತೆಗೆದರೆ ಸಿಗುವ ಉತ್ತರ ಒಂದೇ: ‘ಓ, ಅಮ್ಮನ ಪಾತ್ರ ಮಾಡ್ತಿದ್ರಲ್ಲ, ಅವರಾ?’ ನನಗಂತೂ ಇದು ಸಾಲದು ಅನ್ನಿಸುತ್ತೆ.

1936ರ ‘ಸಂಸಾರ ನೌಕೆ’ಗೆ ಅವರೇ ನಾಯಕಿ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ತೆರೆಕಂಡು ಆಗಿನ್ನೂ ಎರಡೇ ವರ್ಷ. ನಟಿಸುವ ಹೆಣ್ಣುಮಕ್ಕಳನ್ನು ಜನ ಹಗುರವಾಗಿ ಕಾಣುತ್ತಿದ್ದ ಕಾಲ. 1943ರಲ್ಲಿ ‘ರಾಧಾರಮಣ’ ತೆಗೆದು ಕನ್ನಡದ ಮೊದಲ ನಿರ್ಮಾಪಕಿಯಾದರು. ಜಿ.ವಿ. ಅಯ್ಯರ್, ಬಾಲಕೃಷ್ಣ ಇಬ್ಬರೂ ಸಿನಿಮಾಕ್ಕೆ ಕಾಲಿಟ್ಟದ್ದು ಆ ಚಿತ್ರದಲ್ಲೇ. ಅವರಿಬ್ಬರನ್ನು ಕೊಂಡಾಡುವ ನಾವು ಈಕೆಯನ್ನು ಮರೆತರೆ ಹೇಗೆ?

‘ಸ್ಕೂಲ್ ಮಾಸ್ಟರ್’ (1958) ಚಿತ್ರದ ಮೇಷ್ಟ್ರ ಹೆಂಡತಿಯನ್ನು ನೆನೆದು ಕಣ್ಣೊರೆಸಿಕೊಳ್ಳೋಣ, ಬೇಡ ಅನ್ನೋಲ್ಲ. ಆದರೆ 1999ರಲ್ಲಿ ತೀರಿಕೊಂಡ ರಾಜಮ್ಮನವರ ಬಗ್ಗೆ ಬರೆಯುವಾಗ ‘ನಿರ್ಮಾಪಕಿ’ ಅನ್ನೋ ಮಾತು ಮೊದಲು ಬರಲಿ. ನೀವೇನಂತೀರಿ?